ಮನೆಯಿಲ್ಲದವರಿಗೆ ನಾವಿಟ್ಟ ಹೆಸರುಗಳು

ಮಗು ಪುಸ್ತಕ ಮುಚ್ಚಿಟ್ಟು ಆಟಕ್ಕೆ ಓಡಿದರೆ ಅನೇಕ ಮನೆಗಳಲ್ಲಿ ಕೇಳಿಬರುವ ಮಾತು: “ಓದದಿದ್ದರೆ ತಿರುಪೆ ಎತ್ತಬೇಕಾಗುತ್ತದೆ, ನೋಡು!” ತಲೆ ಬಾಚದೆ ಹೊರಟರೆ, “ಏನೋ ಇದು ತಿರುಬೋಕಿ ವೇಷ?” ಸಿಟ್ಟು ಏರಿದರೆ ಕರಾವಳಿಯಲ್ಲಿ ‘ಬೇವರ್ಸಿ’ ಎಂಬ ಬೈಗುಳ ಬರುತ್ತದೆ, ಬೇರೆಡೆ ‘ಭಿಕಾರಿ’, ‘ಪರದೇಸಿ’. ಈ ಮಾತುಗಳನ್ನು ನಾವು ಎಲ್ಲಿಂದ ತಂದೆವು? ತಲೆಯ ಮೇಲೊಂದು ಸೂರಿಲ್ಲದೆ ಬೀದಿಯಲ್ಲಿ ಬದುಕುವವರ ಬಾಳಿನಿಂದ. ಅವರ ಕಷ್ಟ ನಮಗೆ ಬೈಗುಳವಾಗಿದೆ. ಈ ವಾರ ಕುಟುಂಬದವರೆಲ್ಲ ಕೂತು ಈ ಪದಗಳನ್ನು ಸ್ವಲ್ಪ ಪರಿಶೀಲಿಸೋಣ.

1. ಪದಗಳು ನಿಜವಾಗಿ ಹೇಳುವುದೇನು?

‘ಬೇವರ್ಸಿ’ ಪದ ದೂರದಿಂದ ಬಂದದ್ದು. ಪಾರಸಿಯ ‘ಬೇ’ ಎಂದರೆ ಇಲ್ಲದ. ಅರಬ್ಬಿಯ ‘ವಾರಿಸ್’ ಎಂದರೆ ವಾರಸುದಾರ. ‘ತನ್ನವರೆಂದು ಹೇಳಿಕೊಳ್ಳಲು ಯಾರೂ ಇಲ್ಲದವನು’ ಎಂಬುದಷ್ಟೇ ಅದರ ಅರ್ಥ. ‘ಪರದೇಶಿ’ ಎಂದರೆ ಬೇರೆ ನಾಡಿನವನು. ಪರವೂರಿನಲ್ಲಿ ಗುರುತಿನವರಿಲ್ಲದ ಕಾರಣ ದಿಕ್ಕಿಲ್ಲದವನು ಎಂಬ ಅರ್ಥ ಅದಕ್ಕೆ ಅಂಟಿತು. ‘ತಿರುಕ’, ‘ತಿರುಪೆ’ ಎಂಬವು ‘ತಿರಿ’ ಎಂಬ ಹಳೆಯ ಕ್ರಿಯಾಪದದಿಂದ ಹುಟ್ಟಿದವು. ಅಲೆಯುವುದು, ಬೇಡುವುದು ಎರಡಕ್ಕೂ ಅದೇ ಪದ.

ಗಮನಿಸಿ, ಇವುಗಳಲ್ಲಿ ಒಂದಾದರೂ ಕೆಟ್ಟ ಗುಣವನ್ನು ಹೇಳುವುದಿಲ್ಲ. ಕಳ್ಳ, ಮೋಸಗಾರ ಎಂಬ ಮಾತುಗಳಲ್ಲಿ ಒಂದು ತಪ್ಪಿನ ಆರೋಪವಿದೆ. ಇಲ್ಲಿ ಇರುವುದು ಒಂದು ಕೊರತೆ ಮಾತ್ರ: ಬಂಧುಗಳಿಲ್ಲ, ಊರಿಲ್ಲ, ಮನೆಯಿಲ್ಲ. ಕೊರತೆಯನ್ನು ಅಪರಾಧವೆಂಬಂತೆ ಆಡುವುದೇ ಈ ಬೈಗುಳಗಳ ಅನ್ಯಾಯ. ಜಂಗಮರ ಭಿಕ್ಷೆ, ಹರಿದಾಸರ ಮಧುಕರವೃತ್ತಿ, ಬಡ ವಿದ್ಯಾರ್ಥಿಗಳ ವಾರಾನ್ನ ಇವನ್ನೆಲ್ಲ ಗೌರವಿಸಿದ ನಾಡು ನಮ್ಮದು ಎಂಬುದನ್ನೂ ಮರೆಯಬಾರದು.

2. ಮಾತಿನಿಂದ ನೋಟ, ನೋಟದಿಂದ ನಡತೆ

2011ರ ಜನಗಣತಿಯಲ್ಲಿ ಭಾರತದಲ್ಲಿ ಸುಮಾರು 17.7 ಲಕ್ಷ ಮಂದಿ ವಸತಿಹೀನರೆಂದು ಲೆಕ್ಕ ಸಿಕ್ಕಿತು. ಇವರಲ್ಲಿ ಬೇಡುವವರು ಮಾತ್ರವಲ್ಲ, ದುಡಿಯುವವರೂ ಇದ್ದಾರೆ. ಹಗಲೆಲ್ಲ ಮೂಟೆ ಹೊತ್ತು, ಗಾರೆ ಕಲಸಿ, ಚಿಂದಿ ಆಯ್ದು ರಾತ್ರಿ ಅಂಗಡಿಯ ಜಗಲಿಯ ಮೇಲೆ ಮಲಗುತ್ತಾರೆ. ಮಕ್ಕಳು ಕೈಬಿಟ್ಟ ಮುದುಕರು, ಮನೋರೋಗಿಗಳು, ಗಂಡನ ಹೊಡೆತ ತಾಳದೆ ಹೊರಬಂದ ಹೆಂಗಸರು, ಮಳೆಯಿಲ್ಲದ ಊರಿನಿಂದ ಗುಳೆ ಬಂದವರು ಇದ್ದಾರೆ. ‘ತಿರುಬೋಕಿ’ ಎಂಬ ಒಂದೇ ಪದ ಇಷ್ಟೂ ಕಥೆಗಳನ್ನು ಅಳಿಸಿಹಾಕುತ್ತದೆ. “ಓದದಿದ್ದರೆ ತಿರುಪೆ” ಎಂಬ ಗದರಿಕೆಯನ್ನು ಕೇಳಿ ಬೆಳೆದ ಮಗು, ಬೀದಿಯಲ್ಲಿರುವವನು ಸೋಮಾರಿತನಕ್ಕೆ ತಕ್ಕ ಶಿಕ್ಷೆ ಉಣ್ಣುತ್ತಿದ್ದಾನೆಂದು ತಿಳಿಯುತ್ತದೆ. ಹಾಗೆ ತಿಳಿದವರಿಗೆ ಕರುಣೆ ಎಲ್ಲಿಂದ ಬರಬೇಕು?

ಕರ್ನಾಟಕದ 1975ರ ಭಿಕ್ಷಾಟನೆ ನಿಷೇಧ ಕಾನೂನು ಬೇಡುವವರನ್ನು ಹಿಡಿದು ಪರಿಹಾರ ಕೇಂದ್ರದಲ್ಲಿ ಇರಿಸಲು ಅವಕಾಶ ಕೊಟ್ಟಿತು. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಅನೇಕರು ಸತ್ತಾಗ ನಾಡು ಬೆಚ್ಚಿತು. ಯಾರೂ ಕೇಳುವವರಿಲ್ಲ ಎಂಬುದು ಬೈಗುಳವಾಗಿ ಉಳಿಯದೆ ನಿಜವಾಗಿಬಿಟ್ಟಾಗ ಹೀಗಾಗುತ್ತದೆ.

3. ಶುಭಸಂದೇಶದ ಬೆಳಕಿನಲ್ಲಿ

ಯೇಸುಸ್ವಾಮಿ ಪರ್ವತಪ್ರಬೋಧನೆಯಲ್ಲಿ (ಮತ್ತಾಯ 5:22) ಕೊಲೆಯ ಬಗ್ಗೆ ಮಾತನಾಡುತ್ತಲೇ ಬೈಗುಳಕ್ಕೆ ಬರುತ್ತಾರೆ. ಅಲ್ಲಿ ಬರುವ ‘ರಕಾ’ ಎಂಬ ಅರಮಾಯಿಕ್ ಪದದ ಮೂಲಾರ್ಥ ‘ಖಾಲಿ’. ಒಬ್ಬನನ್ನು ಏನೂ ಇಲ್ಲದವನೆಂದು ಹೀಯಾಳಿಸುವುದನ್ನು ಅವರು ಕೊಲೆಯ ಸಾಲಿನಲ್ಲೇ ನಿಲ್ಲಿಸಿದರು. ಸಂತ ತೋಮಸ್ ಅಕ್ವಿನಾಸರು ಇದನ್ನು ಇನ್ನೊಂದು ರೀತಿಯಲ್ಲಿ ವಿವರಿಸುತ್ತಾರೆ: ಬೆನ್ನ ಹಿಂದೆ ದೂಷಿಸುವುದು ಕಳ್ಳತನವಿದ್ದಂತೆ, ಎದುರಿಗೇ ಹೀಯಾಳಿಸುವುದು ದರೋಡೆಯಿದ್ದಂತೆ. ಬೀದಿಯಲ್ಲಿ ಮಲಗುವವನಿಂದ ಮತ್ತೇನನ್ನು ದೋಚಲು ಸಾಧ್ಯ? ಅವನಲ್ಲಿ ಉಳಿದಿರುವುದು ಮಾನವೊಂದೇ.

ಲೂಕನ ಶುಭಸಂದೇಶದ 16ನೇ ಅಧ್ಯಾಯದ ಸಾಮತಿಯನ್ನು ನೆನೆಯಿರಿ. ಧನಿಕನಿಗೆ ಅಲ್ಲಿ ಹೆಸರೇ ಇಲ್ಲ. ಬಾಗಿಲಲ್ಲಿ ಬಿದ್ದಿದ್ದ ಭಿಕ್ಷುಕನಿಗೆ ಹೆಸರಿದೆ: ಲಾಜರ. ‘ದೇವರು ನೆರವಾಗಿದ್ದಾರೆ’ ಎಂಬುದು ಆ ಹೆಸರಿನ ಅರ್ಥ. ಊರು ಯಾರನ್ನು ವಾರಸುದಾರರಿಲ್ಲದವನೆಂದು ಕರೆಯಿತೋ ಅವನಿಗೆ ದೇವರೇ ವಾರಸುದಾರರು.

4. ಆ ಹೆಸರನ್ನು ಹೊತ್ತವರು

1748ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಬೆನೆಡಿಕ್ಟ್ ಜೋಸೆಫ್ ಲಾಬ್ರೆಯವರನ್ನು ಯಾವ ಮಠವೂ ಉಳಿಸಿಕೊಳ್ಳಲಿಲ್ಲ. ಅವರು ಚಿಂದಿಯುಟ್ಟು ಪುಣ್ಯಕ್ಷೇತ್ರಗಳಿಗೆ ಕಾಲ್ನಡಿಗೆಯಲ್ಲಿ ಅಲೆದರು, ರೋಮಿನಲ್ಲಿ ಕೊಲೋಸಿಯಮ್ಮಿನ ಪಾಳುಗೋಡೆಗಳ ನಡುವೆ ಮಲಗಿದರು, 1783ರಲ್ಲಿ ತೀರಿಕೊಂಡರು. 1881ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ನಮ್ಮ ನಾಡಿನಲ್ಲೇ, ಮಲ್ಲಾಡಿಹಳ್ಳಿಯ ಅನಾಥಸೇವಾಶ್ರಮವನ್ನು ಕಟ್ಟಿ ಬೆಳೆಸಿದ ರಾಘವೇಂದ್ರ ಸ್ವಾಮೀಜಿಯವರು ಆಶ್ರಮಕ್ಕಾಗಿ ಜೋಳಿಗೆ ಹಿಡಿದರು. ‘ತಿರುಕ’ ಎಂಬುದನ್ನೇ ತಮ್ಮ ಕಾವ್ಯನಾಮವಾಗಿ ಇಟ್ಟುಕೊಂಡರು. ಜನ ಬೈಯಲು ಬಳಸುವ ಪದಕ್ಕೆ ಅವರು ಮರ್ಯಾದೆ ತಂದುಕೊಟ್ಟರು.

5. ಮನೆಯಲ್ಲಿ ಚರ್ಚಿಸಲು

ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಘೋಷಿಸಿದ ಬಡವರ ವಿಶ್ವ ದಿನ 2017ರಿಂದ ಪ್ರತಿ ನವೆಂಬರಿನಲ್ಲಿ ಬರುತ್ತದೆ. ಆದರೆ ಮಾತು ತಿದ್ದಿಕೊಳ್ಳಲು ನವೆಂಬರಿನವರೆಗೆ ಕಾಯಬೇಕಿಲ್ಲ.

ಅ) ನಮ್ಮ ಮನೆಯಲ್ಲಿ ಇಂತಹ ಯಾವ ಮಾತುಗಳು ಬಳಕೆಯಲ್ಲಿವೆ? ಅವನ್ನು ಮೊದಲು ಆಡುವವರು ದೊಡ್ಡವರೋ, ಮಕ್ಕಳೋ?

ಆ) ಮಕ್ಕಳನ್ನು ಓದಿಗೆ ಹಚ್ಚಲು ಬಡವನ ಬಾಳನ್ನು ಬೆದರುಗೊಂಬೆ ಮಾಡದೆ ಹೇಳಬಹುದಾದ ಮಾತು ಯಾವುದು?

ಇ) ದೇವಾಲಯದ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ ನಾವು ದಿನವೂ ಕಾಣುವ ಒಬ್ಬರ ಹೆಸರು ನಮಗೆ ಗೊತ್ತೇ?

ಮೂರನೆಯ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಈ ವಾರ ಹೋಗಿ ಕೇಳಿರಿ. “ಅಜ್ಜಾ, ನಿಮ್ಮ ಹೆಸರೇನು?” ಎಂದು ಮಗುವೇ ಕೇಳಲಿ. ನಾಣ್ಯವನ್ನು ಆಮೇಲೆ ಕೊಡೋಣ.