ಎಲೆಕೋಸಿಗೂ ಋತುಮಾನವುಂಟು

ಮುಂಬಯಿಯ ಮಾರುಕಟ್ಟೆಯಲ್ಲಿ ‘ಕೋಬಿ’ ಎನಿಸಿಕೊಳ್ಳುವ ಎಲೆಕೋಸು ವರ್ಷವಿಡೀ ದೊರೆಯುತ್ತದೆ. ಅದರ ಗುಣ ಮಾತ್ರ ವರ್ಷವಿಡೀ ಒಂದೇ ಆಗಿರದು. ಇದು ತಂಪು ಹವೆಯ ಬೆಳೆ. 15ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಡ್ಡೆ ಬಿಗಿಯಾಗಿ ಕಟ್ಟುತ್ತದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ನೆಟ್ಟ ಸಸಿಯ ಗಡ್ಡೆ ಬಲಿಯುವ ವೇಳೆಗೆ ಚಳಿ ಬಂದಿರುತ್ತದೆ. ಆ ಚಳಿಗೆ ಎಲೆಗಳಲ್ಲಿ ಸಕ್ಕರೆಯ ಅಂಶ ಹೆಚ್ಚಿ ರುಚಿ ಸಿಹಿಯಾಗುತ್ತದೆ. ಫೆಬ್ರವರಿಯಲ್ಲಿ ನೆಟ್ಟದ್ದಾದರೋ ಬಿಸಿಲಿಗೆ ಸಿಕ್ಕಿ ಸಡಿಲವಾಗುತ್ತದೆ. ಗಂಧಕಯುಕ್ತ ದ್ರವ್ಯಗಳು ಹೆಚ್ಚಿ ಘಾಟೂ ಕಹಿಯೂ ತಲೆದೋರುತ್ತವೆ. ಮೇ ತಿಂಗಳಲ್ಲಿ ಮಕ್ಕಳು ಪಲ್ಯವನ್ನು ತಟ್ಟೆಯಂಚಿಗೆ ಸರಿಸಿದಾಗ ನಾನು ಶ್ರೀಮತಿಯವರನ್ನು ಆಕ್ಷೇಪಿಸಿದ್ದುಂಟು; ತಪ್ಪು ಒಗ್ಗರಣೆಯದಾಗಿರಲಿಲ್ಲ. 100 ಗ್ರಾಂ ಹಸಿಕೋಸಿನಲ್ಲಿ ಸುಮಾರು 35 ಮಿಲಿಗ್ರಾಂ ‘ಸಿ’ ಜೀವಸತ್ವವಿದೆ. ಬೇಯಿಸಿ ನೀರು ಬಸಿದರೆ ಅದರ ಗಣನೀಯ ಭಾಗ ಮೋರಿಯ ಪಾಲು. ಬ್ಯಾಂಕಿನವನ ಕಣ್ಣಿಗೆ ಇದು ಶುದ್ಧ ನಷ್ಟ. ಕೊಳ್ಳುವಾಗ ಕೈಯಲ್ಲಿ ತೂಗಿನೋಡಿ, ಗಾತ್ರಕ್ಕೆ ಮೀರಿದ ಭಾರವುಳ್ಳ ಗಡ್ಡೆಯನ್ನೇ ಆರಿಸಿರಿ.