ಕುಡಿತ ಬಿಡಿಸುವ ಮಾತ್ರೆ ಇರುವ ಮನೆಯಲ್ಲಿ ಕೋ-ಕೊಡಮಾಲ್

ಊರಿಂದ ತಂದ ಡೋಲೋ 650 ಖಾಲಿಯಾದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಾಗಲಿ ಲೀಡ್ಸ್‌ನಲ್ಲಾಗಲಿ ಬೆನ್ನುನೋವೆಂದು ಫಾರ್ಮಸಿಗೆ ಹೋದರೆ, ಡಾಕ್ಟರ ಚೀಟಿಯಿಲ್ಲದೆ ಕೋ-ಕೊಡಮಾಲ್ ಸಿಗುತ್ತದೆ. ಇದು ಇಲ್ಲಿನ ಡೋಲೋ ಅಂದುಕೊಳ್ಳುವುದು ಸುಲಭ, ಆದರೆ ತಪ್ಪು. ಇದರಲ್ಲಿ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಜೊತೆ 8 ಮಿಲಿಗ್ರಾಂ ಕೊಡೀನ್ ಇದೆ. ಕೊಡೀನ್ ಅಫೀಮು ಜಾತಿಯದು, ಅದರ ಒಂದು ಪಾಲು ದೇಹದೊಳಗೆ ಮಾರ್ಫೀನ್ ಆಗುತ್ತದೆ. ಚಟ ಹತ್ತಬಹುದು, ಮೂರು ದಿನ ಮೀರಬೇಡಿ ಎಂದು ಪೊಟ್ಟಣದ ಮೇಲೇ ಎಚ್ಚರಿಕೆ ಇರುತ್ತದೆ. ಅದೇ ಮನೆಯಲ್ಲಿ ಒಬ್ಬರು ಕುಡಿತ ಬಿಡಲು ಗುಟ್ಟಾಗಿ ನಾಲ್ಟ್ರೆಕ್ಸೋನ್ ನುಂಗುತ್ತಿದ್ದರೆ, ಆ ಗುಟ್ಟೇ ಅವರ ಜೀವಕ್ಕೆ ಸಂಚಕಾರವಾಗಬಹುದು.

ಮದ್ಯ ಒಳಗೆ ಹೋದಾಗ ಮೆದುಳು ತನ್ನದೇ ಅಫೀಮಿನಂಥ ರಸಗಳನ್ನು ಬಿಡುತ್ತದೆ, ಅಮಲಿನ ಸುಖ ಒಂದಿಷ್ಟು ಬರುವುದು ಅಲ್ಲಿಂದ. ಆ ರಸಗಳು ಕೂರುವ ಜಾಗವನ್ನು ನಾಲ್ಟ್ರೆಕ್ಸೋನ್ ಮೊದಲೇ ಹಿಡಿದುಬಿಡುತ್ತದೆ, ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ. ಕೊಡೀನ್, ಟ್ರಮಡಾಲ್, ಮಾರ್ಫೀನ್‌ಗಳಿಗೂ ಬೇಕಾದದ್ದು ಅದೇ ಸೀಟು. ಹಲವು ದಿನ ಇಂಥ ನೋವುಮಾತ್ರೆ ತಿಂದವರು ನಾಲ್ಟ್ರೆಕ್ಸೋನ್ ಶುರುಮಾಡಿದರೆ ಕೂತಿದ್ದ ಔಷಧಿಯನ್ನು ಅದು ಎಬ್ಬಿಸಿ ಹಾಕುತ್ತದೆ: ವಾಂತಿ, ಭೇದಿ, ಬೆವರು, ಚಡಪಡಿಕೆ. ಅದಕ್ಕೇ ಮೊದಲು 7ರಿಂದ 10 ದಿನ ಅಂಥ ಮಾತ್ರೆ ಮುಟ್ಟಿರಬಾರದು ಎನ್ನುತ್ತಾರೆ. ಕ್ರಮ ತಿರುಗಿದರೆ ತೊಂದರೆ ಬೇರೆ ಥರದ್ದು. ನಾಲ್ಟ್ರೆಕ್ಸೋನ್ ಮೇಲೆ ಕೊಡೀನ್ ನುಂಗಿದರೆ ನೋವು ಹೋಗುವುದಿಲ್ಲ. ಹೋಗಲಿಲ್ಲವೆಂದು ಇನ್ನೆರಡು, ಮತ್ತೆರಡು ನುಂಗುತ್ತಾ ಹೋದರೆ ಉಸಿರು ಕುಗ್ಗಬಹುದು, ಜೊತೆಗಿರುವ ಪ್ಯಾರಸಿಟಮಾಲ್ ಲಿವರನ್ನೂ ಕೆಡಿಸುತ್ತದೆ. ಹಾಗಾದರೆ ನಾಲ್ಟ್ರೆಕ್ಸೋನನ್ನೇ ಒಂದು ದಿನ ಬಿಟ್ಟರಾಯಿತಲ್ಲ ಎನ್ನಬೇಡಿ. 50 ಮಿಲಿಗ್ರಾಂ ಮಾತ್ರೆಯ ತಡೆ ಒಂದು ದಿನ ದಾಟಿಯೂ ಉಳಿಯುವುದುಂಟು, ಅದು ಇಳಿದ ಮೇಲೆ ಹಳೆಯ ಪ್ರಮಾಣವೇ ದೇಹಕ್ಕೆ ವಿಪರೀತವಾಗಬಹುದು.

ಡಾಕ್ಟರು ನೋಡಿಕೊಳ್ಳುತ್ತಾರೆ, ಮನೆಯವರಿಗೇಕೆ ಹೇಳಬೇಕು ಎಂಬ ಮಾತಿಗೆ ಅರ್ಧ ಬಲವಿದೆ. ಉಳಿದರ್ಧ ಇಲ್ಲಿನ ವ್ಯವಸ್ಥೆಯಲ್ಲೇ ಸೋರಿಹೋಗುತ್ತದೆ. ಇಂಗ್ಲೆಂಡಿನಲ್ಲಿ 2013ರಿಂದ ಕುಡಿತದ ಚಿಕಿತ್ಸೆಯ ಹೊಣೆ ಸ್ಥಳೀಯ ಕೌನ್ಸಿಲ್‌ಗಳದು. ಲೀಡ್ಸ್‌ನಲ್ಲಿ ಫಾರ್ವರ್ಡ್ ಲೀಡ್ಸ್, ಬರ್ಮಿಂಗ್‌ಹ್ಯಾಮಿನಲ್ಲಿ ಚೇಂಜ್ ಗ್ರೋ ಲಿವ್ ಅದನ್ನು ನಡೆಸುತ್ತವೆ. ಜಿಪಿ ಪತ್ರವಿಲ್ಲದೆ ನೇರ ಹೋಗಬಹುದು, ಚಿಕಿತ್ಸೆ ಉಚಿತ. ಆದರೆ ಅಲ್ಲಿ ಕೊಟ್ಟ ಮಾತ್ರೆ ಜಿಪಿಯ ಕಂಪ್ಯೂಟರಿನಲ್ಲಿ ಕಾಣದೇ ಹೋಗಬಹುದು, ಹಲ್ಲಿನ ಡಾಕ್ಟರಿಗಂತೂ ಗೊತ್ತಾಗುವ ಸಂಭವ ಕಡಿಮೆ. ನಾಲ್ಕು ಜನಕ್ಕೆ ತಿಳಿದರೆ ಮಾನ ಹೋಗುತ್ತದೆಂಬ ಅಳುಕು ನಮ್ಮಲ್ಲಿ ಗಟ್ಟಿ, ಅದನ್ನು ಹಗುರ ಮಾಡಲಾರೆ. ಕೂಟಕ್ಕೆಲ್ಲ ಸಾರಬೇಕಿಲ್ಲ. ಮನೆಯಲ್ಲಿ ಮಾತ್ರೆ ಎತ್ತಿಕೊಡುವ ಒಬ್ಬರಿಗೆ, ಜಿಪಿಗೆ, ಫಾರ್ಮಸಿಯವರಿಗೆ ತಿಳಿದಿದ್ದರೆ ಸಾಕು. ಪರ್ಸಿನಲ್ಲಿ ಎಚ್ಚರಿಕೆಯ ಕಾರ್ಡ್ ಇದ್ದರೆ ಆಂಬುಲೆನ್ಸಿನವರು ಬೇರೆ ನೋವುಶಮನ ಆರಿಸಿಕೊಳ್ಳುತ್ತಾರೆ. ಆಪರೇಷನ್ ನಿಗದಿಯಾಗಿದ್ದರೆ ನಾಲ್ಟ್ರೆಕ್ಸೋನ್ ಯಾವಾಗ ನಿಲ್ಲಿಸಬೇಕೆಂದು ಮೊದಲೇ ಕೇಳಿ. ಹಳೆಯ ನೋವಿಗೆ ಟ್ರಮಡಾಲ್ ಬಿಡಲಾಗದವರು ಅದನ್ನೂ ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಅಂಥವರಿಗೆ ಅಕಾಂಪ್ರೊಸೇಟ್ ಎಂಬ ಇನ್ನೊಂದು ಮಾತ್ರೆ ಇದೆ. ಅದಕ್ಕೂ ಅಫೀಮು ಜಾತಿಯ ಔಷಧಿಗಳಿಗೂ ಈ ಜಗಳವಿಲ್ಲ. ನಾಲ್ಟ್ರೆಕ್ಸೋನ್, ಅಫೀಮು ಜಾತಿಯ ನೋವುಮಾತ್ರೆ ಎರಡೂ ಈಗಾಗಲೇ ಹೊಟ್ಟೆ ಸೇರಿದ್ದರೆ 111ಕ್ಕೆ ಕರೆ ಮಾಡಿ. ಮಂಪರು ಹತ್ತಿದರೆ, ಉಸಿರು ನಿಧಾನವಾದರೆ 999.