ಸಗರದಿಂದ ಕಂಪಲಿಗೆ ಒಂದು ಗೆರೆ

ಪ್ರಶ್ನೆ: ಸುಲ್ತಾನರ ಕಾಲದಲ್ಲಿ ಕಲಬುರಗಿಗೆ ಅಹಸನಾಬಾದ್, ಬೀದರಿಗೆ ಮುಹಮ್ಮದಾಬಾದ್ ಎಂಬ ಹೆಸರುಗಳಿದ್ದವು ಎಂದು ಓದಿದ್ದೇನೆ. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೂ ಹಾಗೆ ಬೇರೆ ಹೆಸರಿತ್ತೇ? ಅರಬ್ಬೀ, ಪಾರಸಿ ಬರಹಗಳಲ್ಲಿ ಈ ಸೀಮೆಯನ್ನು ಹುಡುಕುವುದು ಹೇಗೆ? ಸಿಂಧನೂರಿಗೂ ಅರಬರು ಬರೆದ ಸಿಂಧ್‌ಗೂ ನಂಟಿದೆಯೇ?
— ಮಸ್ಕಿಯ ಓದುಗರೊಬ್ಬರು

ಕೊನೆಯ ಪ್ರಶ್ನೆಯ ಉತ್ತರ ಚಿಕ್ಕದು, ಅದನ್ನು ಮೊದಲು ಮುಗಿಸುತ್ತೇನೆ. ನಂಟಿಲ್ಲ. ಅರಬರ ಸಿಂಧ್ ಎಂದರೆ ಸಿಂಧೂ ನದಿಯ ಕೆಳದಂಡೆಯ ನಾಡು. ಮನ್ಸೂರಾ ಅದರ ಮುಖ್ಯ ಪಟ್ಟಣ. ನಿಮ್ಮ ಸಿಂಧನೂರನ್ನು ಸಿಂದ ಅರಸರಿಗೆ ಜೋಡಿಸುವವರಿದ್ದಾರೆ. ಎರಂಬರಗೆಯಲ್ಲಿ, ಅಂದರೆ ಇಂದಿನ ಯಲಬುರ್ಗಾದಲ್ಲಿ ಆಳಿದ ಸಿಂದರು ನಿಮಗೇನೂ ದೂರದವರಲ್ಲವಾದ್ದರಿಂದ ಆ ಮಾತನ್ನು ತಳ್ಳಿಹಾಕಲಾಗದು. ಕಿವಿಗೆ ಒಂದೇ ಥರ ಕೇಳುವ ಎರಡು ಹೆಸರುಗಳನ್ನು ಗಂಟು ಹಾಕುವುದು ಸ್ಥಳನಾಮದ ಹುಡುಕಾಟದಲ್ಲಿ ಎಲ್ಲರಿಗೂ ಬರುವ ಆಸೆ. ಅದನ್ನು ತಡೆದುಕೊಂಡರೆ ಅರ್ಧ ಕೆಲಸ ಆದಂತೆ.

ಈಗ ಹೆಸರು ಬದಲಾದ ಊರುಗಳ ವಿಚಾರ. ಅವು ಯಾವುವು ಎಂದು ನೋಡಿದರೆ ಒಂದು ಪದ್ಧತಿ ಕಾಣುತ್ತದೆ. ಅಹಸನಾಬಾದ್ ಬಹಮನಿಗಳ ಮೊದಲ ರಾಜಧಾನಿ, ಮುಹಮ್ಮದಾಬಾದ್ ಎರಡನೆಯದು. 1657ರಲ್ಲಿ ಬೀದರನ್ನು ಗೆದ್ದ ಔರಂಗಜೇಬ್ ಅದಕ್ಕೆ ಜಫರಾಬಾದ್ ಎಂದು ಮತ್ತೊಂದು ಹೆಸರಿಟ್ಟ. ಆದವಾನಿ ಮೊಗಲರ ಕೈಸೇರಿ ಇಮ್ತಿಯಾಜ್‌ಗಢ ಆಯಿತು. ನಿಮಗೆ ಹತ್ತಿರದ ಸುರಪುರ ಸೀಮೆಯ ವಾಗಿನಗೇರಾವನ್ನು 1705ರಲ್ಲಿ ಹಿಡಿದ ಮೇಲೆ, ಆ ಬೇಡರ ಕೋಟೆಗೂ ರಹಮಾನ್ ಬಕ್ಷ್ ಎಂಬ ಹೆಸರು ಅಂಟಿತು. ರಾಜಧಾನಿ, ಟಂಕಸಾಲೆ, ಇಲ್ಲವೇ ಗೆದ್ದೆನೆಂದು ಡಂಗುರ ಸಾರಬೇಕಾದ ಕೋಟೆ, ಹೊಸ ಹೆಸರು ಬಿದ್ದದ್ದು ಹೆಚ್ಚಾಗಿ ಇಂಥಲ್ಲಿ. ಆ ಹೆಸರು ಓಡಾಡಿದ್ದು ನಾಣ್ಯದ ಮೇಲೆ, ಫರ್ಮಾನಿನ ಒಳಗೆ. ಸಂತೆಗೆ ಹೋಗುವವರು ಆಗಲೂ ಬೀದರ್ ಎಂದೇ ಅಂದಿರಬೇಕು. ಎರಡೆರಡು ಬಿರುದು ಹೊತ್ತ ಊರು ಕೊನೆಗೆ ಬೀದರಾಗಿಯೇ ಉಳಿದದ್ದು ಅದಕ್ಕೇ.

ನಿಮ್ಮ ಮೂರು ಊರುಗಳು ಆ ಕಾಲದಲ್ಲಿ ರಾಜಧಾನಿಗಳೂ ಅಲ್ಲ, ಟಂಕಸಾಲೆಗಳೂ ಅಲ್ಲ. ಅವುಗಳ ಇಂದಿನ ತೂಕ ಈಚಿನದು. ಲಿಂಗಸುಗೂರಿಗೆ ಅದನ್ನು ತಂದದ್ದು ಹೈದರಾಬಾದ್ ಕಂಟಿಂಜೆಂಟಿನ ದಂಡು ಮತ್ತು 1905ರವರೆಗೆ ಅದರ ಹೆಸರಿನಲ್ಲೇ ಇದ್ದ ಜಿಲ್ಲೆ. ಸಿಂಧನೂರಿಗೆ ತಂದದ್ದು ತುಂಗಭದ್ರಾ ಎಡದಂಡೆ ಕಾಲುವೆ. ಮಸ್ಕಿಯನ್ನು ಜಗತ್ತಿಗೆ ತೋರಿಸಿದ್ದು 1915, ಅಂದರೆ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಅಶೋಕನ ಹೆಸರಿದ್ದ ಬಂಡೆ ಬಿದ್ದ ವರ್ಷ. ಬಹಮನಿ, ಆದಿಲಶಾಹಿ ಇತಿಹಾಸಕಾರರಿಗೆ ಈ ಸೀಮೆಯಲ್ಲಿ ಮುಖ್ಯವಾಗಿ ಕಂಡದ್ದು ಎರಡು ಕೋಟೆಗಳು, ರಾಯಚೂರು ಮತ್ತು ಮುದಗಲ್. ಅವರ ಬರಹದಲ್ಲಿ ಇವು ಬಹುಪಾಲು ಜೋಡಿಯಾಗಿಯೇ ಬರುತ್ತವೆ.

ಅದಕ್ಕೂ ಹಿಂದಿನ ಒಂದು ಪ್ರಸಂಗ ನಿಮಗೆ ಹಿಡಿಸೀತು. ಘಿಯಾಸುದ್ದೀನ್ ತುಘಲಕನ ಸೋದರಳಿಯ ಬಹಾವುದ್ದೀನ್ ಗುರ್ಶಾಸ್ಪ್ ಸಗರದಲ್ಲಿ, ಇಂದಿನ ಶಹಾಪುರದ ಪಕ್ಕದ ಊರಿನಲ್ಲಿ, ಅಧಿಕಾರಿಯಾಗಿದ್ದ. 1326-27ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆ ಎದ್ದು, ಸೋತು, ಕಂಪಲಿಯ ಅರಸನ ಮೊರೆಹೊಕ್ಕ. ನಂಬಿ ಬಂದವನನ್ನು ಒಪ್ಪಿಸಲಾರೆನೆಂದು ಕಂಪಿಲರಾಯ ಹೋರಾಡಿ ಮಡಿದ ಕಥೆಯನ್ನು ಮೊರಾಕ್ಕೊದ ಇಬ್ನ್ ಬತೂತಾ ಬರೆದಿದ್ದಾನೆ. ಭೂಪಟದಲ್ಲಿ ಸಗರದಿಂದ ಕಂಪಲಿಗೆ ಒಂದು ಗೆರೆ ಎಳೆಯಿರಿ. ಅದು ಕೃಷ್ಣೆಯನ್ನು ದಾಟಿ, ಮಸ್ಕಿ ಸಿಂಧನೂರುಗಳ ಮಗ್ಗುಲಲ್ಲೇ ಹಾದು ತುಂಗಭದ್ರೆ ಸೇರುತ್ತದೆ. ಗುರ್ಶಾಸ್ಪ್ ಆ ಗೆರೆಯ ಮೇಲೆಯೇ ಕುದುರೆ ಓಡಿಸಿದನೆಂದು ನಾನು ಹೇಳುತ್ತಿಲ್ಲ. ಬರೆದವರಿಗೆ ಗೆರೆಯ ಎರಡು ತುದಿಗಳು ಬೇಕಿದ್ದವು, ನಡುವಿನ ಕರಿಮಣ್ಣಿನ ಬಯಲು ದಂಡು ದಾಟುವ ನೆಲವಷ್ಟೇ. ನಿಮ್ಮ ಊರುಗಳು ಆ ಪುಸ್ತಕಗಳಲ್ಲಿ ಸುಲಭವಾಗಿ ಸಿಗದಿರುವುದಕ್ಕೆ ಇದೇ ದೊಡ್ಡ ಕಾರಣವೆಂದು ನನಗನಿಸುತ್ತದೆ.

ಇನ್ನೊಂದು ಕಾರಣ ಲಿಪಿ. ಅರಬ್ಬೀ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಮುದಗಲ್ ಎಂಬುದು ಮ, ದ, ಗ, ಲ ಎಂಬ ನಾಲ್ಕು ಅಕ್ಷರ. ಅದನ್ನು ಮದಗಿಲ್ ಎಂದೂ ಓದಬಹುದು, ಮುದ್ಗುಲ್ ಎಂದೂ ಓದಬಹುದು. ಅರಬ್ಬಿಯಲ್ಲಿ ಪ, ಚ, ಗ ಇಲ್ಲ. ಪಾರಸಿಯವರು ಅವುಗಳಿಗೆ ಅಕ್ಷರ ಮಾಡಿಕೊಂಡರೂ ಹಸ್ತಪ್ರತಿ ಬರೆಯುವವರು ಗಕಾರದ ಹೆಚ್ಚುವರಿ ಗೀಟನ್ನು ಎಷ್ಟೋ ಸಲ ಬಿಟ್ಟುಬಿಡುತ್ತಿದ್ದರು. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲಶಾಹನ ಆಸರೆಯಲ್ಲಿ ಫಿರಿಸ್ತಾ ಬರೆದ ಇತಿಹಾಸವನ್ನು ಜಾನ್ ಬ್ರಿಗ್ಸ್ 1829ರಲ್ಲಿ ಇಂಗ್ಲಿಷಿಗೆ ತಂದಾಗ ನಿಮ್ಮ ಮುದಗಲ್ಲು ‘ಮೂಡ್ಕಲ್’ ಆದದ್ದು ಹೀಗೆ. ಊರು ತಿಳಿಯದವರು ಅದನ್ನು ಬೇರೆ ಯಾವುದೋ ಊರೆಂದು ದಾಟಿಹೋಗುತ್ತಾರೆ. ಆ ಪುಸ್ತಕದಲ್ಲಿ ಅಕ್ಕಸಾಲಿಗನ ಮಗಳ ಕಥೆಯಿದೆ. ಆಕೆಯ ಚೆಲುವಿನ ಸುದ್ದಿ ವಿಜಯನಗರದ ಒಂದನೇ ದೇವರಾಯನ ಕಿವಿಗೆ ಬಿದ್ದು, ಅವನ ದಂಡು ಮುದಗಲ್ಲಿಗೆ ನುಗ್ಗಿ, ಅದರಿಂದ ಫಿರೋಜ್ ಷಾ ಬಹಮನಿ 1406ರಲ್ಲಿ ಯುದ್ಧ ಹೂಡಿದನೆಂದು ಫಿರಿಸ್ತಾ ಬಣ್ಣ ಬಣ್ಣವಾಗಿ ಹೇಳುತ್ತಾನೆ. ಯುದ್ಧ ನಡೆದದ್ದು ಹೌದು. ಕಾರಣದ ಮಾತನ್ನು ಪೂರ್ತಿ ನಂಬದೆ ಓದಬೇಕು. ಎರಡು ನದಿಗಳ ನಡುವಿನ ಫಲವತ್ತಾದ ನೆಲಕ್ಕೆ ಕಾದಾಡಲು ಇಬ್ಬರಿಗೂ ಹುಡುಗಿಯೊಬ್ಬಳ ನೆಪ ಬೇಕಾಗಿರಲಿಲ್ಲ.

ಅರಬ್ಬೀ ಬರಹಗಳಲ್ಲಿ ಹುಡುಕುವುದಾದರೆ ಉತ್ತರಕ್ಕೆ ಸರಿಯಿರಿ. ಅಲ್ಲಿಯ ‘ಬಲ್ಹರಾ’ ಎಂದರೆ ರಾಷ್ಟ್ರಕೂಟರ ವಲ್ಲಭರಾಜ. ಕ್ರಿ.ಶ. 851ರ ವರ್ತಕರ ವೃತ್ತಾಂತ ಅವನನ್ನು ಲೋಕದ ನಾಲ್ವರು ದೊಡ್ಡ ಅರಸರ ಸಾಲಿನಲ್ಲಿ ಕೂರಿಸುತ್ತದೆ. ಅಲ್ ಮಸೂದಿ ಹೇಳುವ ಅವನ ರಾಜಧಾನಿ ‘ಮಾನ್ಕೀರ್’ ಸೇಡಂ ತಾಲೂಕಿನ ಮಳಖೇಡ, ಅಂದಿನ ಮಾನ್ಯಖೇಟ. 1030ರ ಸುಮಾರಿಗೆ ಅಲ್ ಬೀರೂನಿ ಭಾರತದ ಲಿಪಿಗಳನ್ನು ಪಟ್ಟಿ ಮಾಡುವಾಗ ಕರ್ಣಾಟದ ಲಿಪಿಯನ್ನೂ ಹೆಸರಿಸಿ, ಸೈನ್ಯಗಳಲ್ಲಿ ಕನ್ನರ ಎಂದು ಕರೆಯುವ ಪಡೆಯವರು ಆ ದೇಶದವರು ಎನ್ನುತ್ತಾನೆ. ಕರಾವಳಿಯ ಹೆಸರುಗಳು ಇನ್ನೂ ಸ್ಪಷ್ಟ: ಇಬ್ನ್ ಬತೂತಾನ ಮಂಜರೂರ್ ಮಂಗಳೂರು, ಫಾಕನೂರ್ ಬಾರ್ಕೂರು, ಹಿನೌರ್ ಹೊನ್ನಾವರ. ಹಡಗಿನವರಿಗೆ ಬಂದರು ಬೇಕು, ಒಳನಾಡಿನ ಬಯಲು ಬೇಡ.

ಹಾಗಾದರೆ ಮಸ್ಕಿಗೆ ಹಳೆಯ ಹೆಸರೇ ಇಲ್ಲವೇ? ಇದೆ, ಅದು ಶಾಸನಗಳಲ್ಲಿದೆ. ಮಸ್ಕಿಯ ಚಾಲುಕ್ಯ ಶಾಸನಗಳು ಅದನ್ನು ಪಿರಿಯ ಮೊಸಂಗಿ ಎನ್ನುತ್ತವೆ. ಚಾಲುಕ್ಯರ ಇಮ್ಮಡಿ ಜಯಸಿಂಹನನ್ನು 1021ರ ಹೊತ್ತಿಗೆ ಮುಯಂಗಿಯಲ್ಲಿ ಸೋಲಿಸಿದೆನೆಂದು ರಾಜೇಂದ್ರ ಚೋಳ ತಮಿಳು ಶಾಸನಗಳಲ್ಲಿ ಹೇಳಿಕೊಂಡದ್ದು ಇದೇ ಊರೆಂದು ಹಲವರು ಗುರುತಿಸುತ್ತಾರೆ. ಅದೇ ಚೋಳ ಶಾಸನಗಳ ‘ಇಡೈತುರೈ ನಾಡು’ ನಮ್ಮ ಶಾಸನಗಳ ಎಡೆದೊರೆ ಎರಡು ಸಾವಿರ, ತೊರೆಗಳ ಎಡೆಯ ನಾಡು. ಇತಿಹಾಸದ ಪುಸ್ತಕಗಳಲ್ಲಿ ನೆಲೆಯಾದ ‘ರಾಯಚೂರು ದೋಆಬ್’ ಎಂಬ ಪಾರಸಿ ಮಾತು ಹೇಳುವುದೂ ಅದನ್ನೇ. ಈ ಸೀಮೆಯ ಮೇಲೆ ಗಟ್ಟಿಯಾಗಿ ಕುಳಿತ ಪಾರಸಿ ಹೆಸರೆಂದರೆ ಹೆಚ್ಚುಕಡಿಮೆ ಇದೊಂದೇ, ಅದೂ ಊರಿನದಲ್ಲ. ಪಾಠಪುಸ್ತಕಗಳು ದೋಆಬನ್ನು ಹಿಡಿದುಕೊಂಡು ಎಡೆದೊರೆಯನ್ನು ಕೈಬಿಟ್ಟದ್ದು ನನಗೆ ಸರಿಕಾಣದು, ಆ ಮಾತು ಬೇರೆ.

ಊರಿನ ಹೆಸರಾಗಿ ಬಾರದ ಪಾರಸಿ, ಅರಬ್ಬಿಗಳು ಊರನ್ನು ಅಳೆಯುವ ಪದಗಳಾಗಿ ನಿಂತಿವೆ. ನಿಮ್ಮ ಹೊಲದ ಹಳೆಯ ಕಾಗದ ತೆಗೆದು ನೋಡಿ: ಮೌಜೆ, ಕಸಬಾ, ತಾಲೂಕು, ಜಿಲ್ಲಾ, ಇನಾಮು, ಜಹಗೀರು. ನಿಜಾಮರ ಕಾಲದ ಉರ್ದು ದಫ್ತರದಲ್ಲಿ ಲಿಂಗಸುಗೂರು ಲಿಂಗಸುಗೂರಾಗಿಯೇ ಇತ್ತು. ಅದರ ಸುತ್ತಲಿನ ಮಾತೆಲ್ಲ ಬೇರೆಯಾಗಿತ್ತು.

ಇನ್ನು ಇಸ್ಲಾಮೀ ಲೋಕದ ಸ್ಥಳನಾಮಗಳು ನಿಮ್ಮ ಸೀಮೆಯಲ್ಲಿ ಬಾಯಿಂದ ಬಾಯಿಗೆ ಬಂದಿರುವುದು ಎಲ್ಲಿ ಎಂದು ಕೇಳಿದರೆ, ನಾನು ಬೆರಳು ತೋರಿಸುವುದು ಮುದಗಲ್ಲಿನ ಮೊಹರಂ ಕಡೆಗೆ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಇಮಾಮ್ ಹುಸೇನರು ಮಡಿದ ಕಥೆ ಇಲ್ಲಿ ಕನ್ನಡದ ರಿವಾಯತ್ ಪದಗಳಾಗಿದೆ. ಆಲಂಗಳ ಮುಂದೆ ಹಾಡಿ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ನೀವು ಮಸ್ಕಿಯವರು, ಮುದಗಲ್ ನಿಮಗೆ ದೂರವೇನಲ್ಲ. ಮುಂದಿನ ಮೊಹರಮ್ಮಿಗೆ ಒಂದು ನೋಟುಬುಕ್ಕು ಹಿಡಿದು ಹೋಗಿ, ಹಾಡುವವರ ಪಕ್ಕ ಕುಳಿತು, ಕರ್ಬಲಾ ಅಲ್ಲದೆ ಮದೀನಾ, ಕೂಫಾ ಊರುಗಳ, ಶಾಮ್ ದೇಶದ ಹೆಸರೂ ಬರುತ್ತವೆಯೇ, ಬಂದರೆ ಯಾವ ಉಚ್ಚಾರದಲ್ಲಿ ಬರುತ್ತವೆ ಎಂದು ಕೇಳಿ ಬರೆದುಕೊಳ್ಳಿ. ಹಗಲಿನಲ್ಲಿ ಕೋಟೆಯನ್ನೂ ಒಂದು ಸುತ್ತು ಹಾಕಬಹುದು. ಆದಿಲಶಾಹಿ ಕಾಲದ ಪಾರಸಿ ಶಾಸನಗಳು ಅಲ್ಲಿವೆ. ಬರೆದುಕೊಂಡ ಪಟ್ಟಿಯನ್ನು ನಮಗೂ ಕಳಿಸಿ.